ನೂರಕ್ಕೆಷ್ಟು ಎಂದು ಕೇಳುವ ನಮ್ಮಕ್ಕ

ನಮ್ಮಕ್ಕನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ತಪ್ಪನ್ನೇ ಬರೆಯಬೇಕಾಗುತ್ತದೆ. ಅರವತ್ತೆಂಟು ದಿನ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ಒಂದೇ ಮನೆ, ಎರಡೇ ಕೋಣೆ, ಊಟಕ್ಕೆ ಒಂದೇ ಮೇಜು. ಆದರೂ ನನಗೆ ಉಪ್ಪು ಬೇಕಾದರೆ ಅಮ್ಮನಿಗೆ ಹೇಳುತ್ತಿದ್ದೆ, ಅಮ್ಮ ಅಕ್ಕನಿಗೆ ಹೇಳುತ್ತಿದ್ದಳು, ಅಕ್ಕ ಡಬ್ಬಿಯನ್ನು ಅಮ್ಮನ ಕೈಗೆ ಕೊಡುತ್ತಿದ್ದಳು. ಅಷ್ಟು ಸಿಟ್ಟು ನನಗೆ. ಮೊದಲೇ ಮುಂಗೋಪಿ, ಸಾಲದ್ದಕ್ಕೆ ಕೆಲಸ ವೆಲ್ಡಿಂಗು.

ನಾವಿಬ್ಬರೂ ಒಂದೇ ಕಡೆ ದುಡಿಯುತ್ತಿದ್ದೆವು. ಅದು ನದಿ ಕಡಲು ಸೇರುವಲ್ಲಿ ಹಡಗು ರಿಪೇರಿ ಮಾಡುವ ಒಂದು ಯಾರ್ಡ್. ತಗಡಿನ ಮೂರು ಶೆಡ್ಡು, ಎರಡು ಕ್ರೇನು, ದಂಡೆಯಿಂದ ನೀರಿನೊಳಕ್ಕೆ ಇಳಿದುಹೋಗುವ ಒಂದು ಜೊತೆ ದಪ್ಪ ಹಳಿ. ಆ ಇಳಿಜಾರಿಗೆ ಸ್ಲಿಪ್‌ವೇ ಎನ್ನುತ್ತಾರೆ. ಹಳಿಯ ಮೇಲಿನ ಗಾಡಿಯಲ್ಲಿ ಹಡಗನ್ನು ಕೂರಿಸಿ, ಉಕ್ಕಿನ ಹಗ್ಗದಿಂದ ದಂಡೆಗೆ ಎಳೆದು ನಿಲ್ಲಿಸಿದರೆ ನಮ್ಮ ಕೆಲಸ ಶುರು. ಸವೆದ ತಳ ಕತ್ತರಿಸಿ ಹೊಸ ತಗಡು ಬೆಸೆಯುವುದು ನನ್ನಂಥವರ ಪಾಲಿಗೆ. ಸ್ಲಿಪ್‌ವೇ ಇದ್ದದ್ದು ಒಂದೇ. ಒಂದು ಹಡಗು ಮೇಲೆ ಹತ್ತಿತೆಂದರೆ ಅದು ಇಳಿಯುವ ತನಕ ಇನ್ನೊಂದಕ್ಕೆ ಜಾಗವಿಲ್ಲ.

ಅಕ್ಕ ಕೂರುತ್ತಿದ್ದದ್ದು ಬಣ್ಣದ ಉಗ್ರಾಣದ ಮೇಲಿನ ಸಣ್ಣ ಕೋಣೆಯಲ್ಲಿ. ಟರ್ಪೆಂಟೈನ್ ವಾಸನೆ ಅವಳ ಸೀರೆಗೂ ಫೈಲಿಗೂ ಹತ್ತಿ, ಮನೆಗೂ ಬರುತ್ತಿತ್ತು. ಅಪ್ಪ ತೀರಿಕೊಂಡ ವರ್ಷ, ಹತ್ತೊಂಬತ್ತನೇ ವಯಸ್ಸಿಗೆ ಬಿಲ್ಲು ಬರೆಯಲು ಸೇರಿದವಳು. ಸಂಜೆ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಓದಿ ಮುಗಿಸುವಷ್ಟರಲ್ಲಿ ಯಾರ್ಡಿನ ಖಜಾನೆಯೇ ಅವಳ ಕೈಗೆ ಬಂದಿತ್ತು. ಎಲ್ಲರೂ ಅವಳನ್ನು ಕ್ಯಾಶಕ್ಕ ಎನ್ನುತ್ತಿದ್ದರು. ಅವಳಿಗೆ ಆ ಹೆಸರು ಇಷ್ಟವಿರಲಿಲ್ಲ, ಹಾಗಾಗಿ ನಾವು ಬಿಡಲಿಲ್ಲ.

ಒಮ್ಮೆ, ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾವುದೋ ಕಂಪನಿ ಹಡಗು ರಿಪೇರಿ ಮಾಡಿಸಿಕೊಂಡು ಕೈಯೆತ್ತಿತ್ತಂತೆ. ಮೂರು ತಿಂಗಳು ಯಾರಿಗೂ ಸಂಬಳವಿರಲಿಲ್ಲ. ಅಂದಿನಿಂದ ಅಕ್ಕ ಒಂದು ಪದ್ಧತಿ ಹಿಡಿದಳು. ಸಾಲದ ಮೇಲೆ ಕೆಲಸ ಕೇಳುವ ಕಂಪನಿ ಯಾವುದೇ ಇರಲಿ, ಅದರ ವಾರ್ಷಿಕ ವರದಿ ತರಿಸುತ್ತಿದ್ದಳು. ಅದರಲ್ಲಿ ಎರಡೇ ಅಂಕಿ ಅವಳಿಗೆ ಬೇಕು. ಕೈಯಲ್ಲೂ ಬ್ಯಾಂಕಿನಲ್ಲೂ ಇರುವ, ಕೇಳಿದ ಕೂಡಲೇ ಎಣಿಸಿ ಕೊಡಬಹುದಾದ ದುಡ್ಡು ಒಂದು. ಒಂದು ವರ್ಷದೊಳಗೆ ಕೊಟ್ಟು ತೀರಿಸಲೇಬೇಕಾದ ಬಾಕಿ ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ನೂರು ಕೊಡಬೇಕಾದಲ್ಲಿ ಕೈಯಲ್ಲಿ ಎಷ್ಟಿದೆ ಎಂದು ನೋಡುತ್ತಿದ್ದಳು. ಪುಸ್ತಕದಲ್ಲಿ ಅದಕ್ಕೆ ನಗದು ಅನುಪಾತ ಎಂಬ ಹೆಸರು. ಅವಳು ಮಾತ್ರ 'ನೂರಕ್ಕೆಷ್ಟು' ಎಂದೇ ಕೇಳುತ್ತಿದ್ದಳು.

"ಹಡಗಿನ ಬೆಲೆ ಸೇರಿಸಲ್ವಾ?" ಎಂದು ನಾನೊಮ್ಮೆ ಊಟದ ಹೊತ್ತಿಗೆ ಕೇಳಿದ್ದೆ.

"ಹಡಗು ಮಾರೋಕೆ ವರ್ಷ ಬೇಕು ಕಣೋ."

"ಅವರಿಗೆ ಬರಬೇಕಾದ ಬಾಡಿಗೆ?"

"ಬಂದಾಗ ಬಂತು. ಸರಕು ಇಳಿಸಿ ಎರಡು ತಿಂಗಳಾದ್ರೂ ಬರಲ್ಲ ಎಷ್ಟೋ ಸಲ. ಎಣ್ಣೆಯವನು, ಬಂದರಿನವನು, ಹಡಗಿನ ಆಳುಗಳು ಅಲ್ಲೀ ತನಕ ಕಾಯ್ತಾರಾ? ನಾಳೆ ಬೆಳಿಗ್ಗೆ ಎಲ್ರೂ ಒಟ್ಟಿಗೆ ಬಂದು ಬಾಗಿಲು ತಟ್ಟಿದ್ರೆ, ನೂರು ಜನರಲ್ಲಿ ಎಷ್ಟು ಜನಕ್ಕೆ ಕೊಟ್ಟು ಕಳಿಸ್ತೀಯ? ಅಷ್ಟೇ ಪ್ರಶ್ನೆ."

ಎಲ್ಲರೂ ಒಂದೇ ದಿನ ಬರುವುದಿಲ್ಲವೆಂದು ಅವಳಿಗೂ ಗೊತ್ತು. ಹಡಗಿನ ಕಂಪನಿಗೆ ನೂರಕ್ಕೆ ಮೂವತ್ತು, ನಲವತ್ತಿದ್ದರೆ ಸಾಕು ಎನ್ನುತ್ತಿದ್ದಳು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಮುಂಗಡವಿಲ್ಲದೆ ಕೆಲಸವಿಲ್ಲ. ಈ ಹುಚ್ಚು ಎಷ್ಟರಮಟ್ಟಿಗೆಂದರೆ, ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಮನೆ, ಸೈಟು, ಚಿಕ್ಕಪ್ಪನ ಅಂಗಡಿಯ ಪಾಲು ಎಂದು ಉದ್ದುದ್ದ ಹೇಳುತ್ತಿದ್ದಾಗ, "ಅದೆಲ್ಲ ಇರಲಿ, ನಾಳೆ ಬೇಕು ಅಂದ್ರೆ ಕೈಯಲ್ಲಿ ಎಷ್ಟಿದೆ?" ಎಂದು ಕೇಳಿಬಿಟ್ಟಳು. ಅವರು ಅರ್ಧ ಕುಡಿದ ಚಹಾ ಬಿಟ್ಟು ಎದ್ದರು. ಅಮ್ಮ ವಾರಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದಳು, ಅಕ್ಕ ಮಾತ್ರ ಹಾಯಾಗಿ ನಿದ್ದೆ ಮಾಡಿದಳು.

ಯಾರ್ಡಿನಲ್ಲಿ ಅವಳ ಮಾತಿಗೆ ಬೆಲೆ ಇತ್ತು. ಗೇಟಿನ ಪಕ್ಕದ ಹಲಗೆಯಲ್ಲಿ ಅವಳು ಹಡಗಿನ ಹೆಸರು, ನೂರಕ್ಕೆಷ್ಟು ಎಂಬ ಅಂಕಿ ಬರೆದ ಹಸಿರು ಚೀಟಿ ಚುಚ್ಚಿದಳೆಂದರೆ ಸ್ಲಿಪ್‌ವೇ ಆ ಹಡಗಿಗೆ ಗೊತ್ತಾದಂತೆಯೇ. ಯಜಮಾನರು ಕೂಡ ಚೀಟಿ ಚುಚ್ಚಿದ ಮೇಲೆ ಮಾತಾಡುತ್ತಿರಲಿಲ್ಲ. ಅವರೂ ನನ್ನ ಹಾಗೆ ವೆಲ್ಡರ್ ಆಗಿ ಶುರು ಮಾಡಿದವರು. ಹಡಗಿನ ತಳಕ್ಕೆ ಸುತ್ತಿಗೆಯಿಂದ ಒಂದೇಟು ಹೊಡೆದು, ಸದ್ದಿನಲ್ಲೇ ತಗಡು ಎಷ್ಟು ಸವೆದಿದೆ ಎಂದು ಹೇಳುತ್ತಿದ್ದರು. ಕಂಪನಿಗಳ ವಿಷಯದಲ್ಲಿ ಮಾತ್ರ ಅವರ ಕಣ್ಣು ಬಣ್ಣಕ್ಕೆ ಮರುಳಾಗುತ್ತಿತ್ತು. ನಮ್ಮ ಕಸುಬಿನವರದ್ದೆಲ್ಲ ಅದೇ ಹಣೆಬರಹ. ಒಡಲಿಗೆ ಹೊಸ ಬಣ್ಣ ಬಳಿದ ಹಡಗು ಬಂದರೆ ಕಂಪನಿ ಗಟ್ಟಿ ಎಂದೇ ನಂಬುತ್ತೇವೆ.

ಆ ವರ್ಷ ಒಂದೇ ವಾರದಲ್ಲಿ ಎರಡು ಕಂಪನಿಯವರು ಬಂದರು. ಮೊದಲನೆಯದು ದೊಡ್ಡ ಕಂಪನಿ. ಅವರ ಹಡಗುಗಳೆಲ್ಲ ಹಾಲಿನಂತೆ ಬಿಳಿ. ಮೂರು ಹಡಗು ಒಂದಾದ ಮೇಲೊಂದು ಕೊಡುತ್ತೇವೆ, ಕೆಲಸ ಮುಗಿದ ತೊಂಬತ್ತು ದಿನಕ್ಕೆ ದುಡ್ಡು ಎಂದರು. ಎರಡನೆಯದು ಮೂರೇ ಹಡಗಿರುವ ಒಬ್ಬ ಮುದುಕನದು. ಹಡಗಿಗೆಲ್ಲ ಮೇಲಿಂದ ಕೆಳಗಿನವರೆಗೆ ತುಕ್ಕು, ಅವನ ಚಪ್ಪಲಿಯ ಹಿಮ್ಮಡಿ ಸವೆದು ಕಾಗದವಾಗಿತ್ತು. ನಾವು ಅವನನ್ನು ತುಕ್ಕಪ್ಪ ಎಂದೆವು. ಅವನಿಗೂ ಅದೇ ತಿಂಗಳು ಸ್ಲಿಪ್‌ವೇ ಬೇಕಿತ್ತು.

ಯಜಮಾನರು ಅಂದೇ ಶೆಡ್ಡಿನಲ್ಲಿ ಎಲ್ಲರನ್ನೂ ಕರೆದು, ಮೂರು ಬಿಳಿ ಹಡಗು ಸಿಕ್ಕರೆ ದಿನಗೂಲಿಯ ನಲವತ್ತು ಜನರನ್ನು ಕಾಯಂ ಮಾಡುತ್ತೇನೆ ಎಂದು ಮಾತು ಕೊಟ್ಟರು. ಆ ನಲವತ್ತರಲ್ಲಿ ನಾನೂ ಒಬ್ಬ. ಆರು ವರ್ಷ ದಿನಗೂಲಿ ಮಾಡಿದವನಿಗೆ ಕಾಯಂ ಎಂಬ ಮಾತು ಕೇಳಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಕ್ಕ ಬಿಳಿ ಕಂಪನಿಯ ವರದಿ ತರಿಸಿದಳು. ಕೈಯಲ್ಲಿ ಎಂಬತ್ತನಾಲ್ಕು ಕೋಟಿ, ವರ್ಷದೊಳಗೆ ಕೊಡಬೇಕಾದದ್ದು ಇನ್ನೂರು ಕೋಟಿ. ನೂರಕ್ಕೆ ನಲವತ್ತೆರಡು. ಯಜಮಾನರು ಮೆಟ್ಟಿಲ ಕೆಳಗೇ ಕಾಯುತ್ತಾ ನಿಂತಿದ್ದರು, ಎರಡು ಸಲ ಕೆಮ್ಮಿದ್ದೂ ಕೇಳಿಸಿತು. ಅಕ್ಕ ಇಳಿದುಬಂದು ಹಸಿರು ಚೀಟಿ ಚುಚ್ಚಿದಳು. ಶೆಡ್ಡಿನಲ್ಲಿ ಸಿಳ್ಳೆ ಹೊಡೆದವರಲ್ಲಿ ನಾನೇ ಮೊದಲಿಗ.

ಮಾರನೆಯ ದಿನ ಮಧ್ಯಾಹ್ನ ನಾವೆಲ್ಲ ಬುತ್ತಿ ಬಿಚ್ಚಿ ಕೂತಿದ್ದೆವು. ಅಕ್ಕ ವರದಿಯನ್ನು ಎದೆಗೆ ಅವಚಿಕೊಂಡು ಬಂದಳು. ನೇರ ಹಲಗೆಯ ಬಳಿ ಹೋಗಿ, ತಾನೇ ಚುಚ್ಚಿದ ಚೀಟಿ ಕಿತ್ತು ಎರಡು ತುಂಡು ಮಾಡಿದಳು. ಆ ಹಲಗೆಯಿಂದ ಚೀಟಿ ಕಿತ್ತದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ಏನಮ್ಮ ಇದು?" ಎಂದರು ಯಜಮಾನರು.

"ತಪ್ಪು ಮಾಡಿದೆ ಯಜಮಾನ್ರೇ. ವರದಿಯ ಮುಂದಿನ ಪುಟದ ಅಂಕಿ ನೋಡಿ ಚೀಟಿ ಬರೆದೆ. ಹಿಂದುಗಡೆ ಸಣ್ಣಕ್ಷರದ ಟಿಪ್ಪಣಿ ಓದಲಿಲ್ಲ. ಎಂಬತ್ತನಾಲ್ಕು ಕೋಟಿಯಲ್ಲಿ ಎಪ್ಪತ್ತು ಕೋಟಿ ಬ್ಯಾಂಕಿನಲ್ಲಿ ಒತ್ತೆ ಇಟ್ಟಿರೋ ಠೇವಣಿ. ಹಡಗಿನ ಸಾಲಕ್ಕೆ ಗ್ಯಾರಂಟಿ. ಅದನ್ನ ಅವರು ಮುಟ್ಟೋ ಹಾಗಿಲ್ಲ. ಉಳಿದದ್ದು ಹದಿನಾಲ್ಕೇ ಕೋಟಿ."

"ಅಂದ್ರೆ?"

"ನೂರಕ್ಕೆ ಏಳು."

ಯಜಮಾನರ ಕಿವಿಯ ತುದಿ ಕೆಂಪಾಯಿತು. "ನಿನ್ನೆ ನಲವತ್ತೆರಡು ಅಂದೆ, ಇವತ್ತು ಏಳು ಅಂತೀಯ. ನಾಳೆ ಏನು ಅಂತೀಯ? ನಾನು ಅವರಿಗೆ ಮಾತು ಕೊಟ್ಟಾಯ್ತು."

"ನನ್ನಿಂದಾನೇ ಕೊಟ್ರಿ. ಅದಕ್ಕೇ ಎಲ್ರ ಮುಂದೆ ಬಂದು ಹೇಳ್ತಿದೀನಿ. ಬಿಲ್ಲು ಮುಳುಗಿದ್ರೆ ಅದೊಂದು ಕಥೆ. ಆದ್ರೆ ಹಡಗು ನಮ್ಮ ಸ್ಲಿಪ್‌ವೇ ಮೇಲಿರುವಾಗ ಕಂಪನಿ ಮುಳುಗಿದ್ರೆ ಕೋರ್ಟಿನವರು ಬಂದು ಹಡಗಿಗೆ ಸೀಲು ಹಾಕ್ತಾರೆ. ಆಮೇಲೆ ಅದನ್ನ ಇಳಿಸೋ ಹಾಗೂ ಇಲ್ಲ, ಬೇರೆಯದನ್ನ ಹತ್ತಿಸೋ ಹಾಗೂ ಇಲ್ಲ. ನಾವೆಲ್ಲ ಅದನ್ನ ನೋಡ್ಕೊಂಡು ಕೂರಬೇಕು."

ಬೇಕಾದರೆ ಪರೀಕ್ಷೆ ಮಾಡಿ, ಅರ್ಧ ಮುಂಗಡ ಕೇಳಿ, ದುಡ್ಡಿದ್ದವರಾದರೆ ಕೊಡುತ್ತಾರೆ ಎಂದಳು. ಯಜಮಾನರು ಅಲ್ಲೇ ನಿಂತು ಫೋನು ಮಾಡಿದರು. ಬಿಳಿ ಕಂಪನಿಯ ಮ್ಯಾನೇಜರ್ ಮೊದಲು ನಕ್ಕ, ಆಮೇಲೆ ಸಿಟ್ಟಾದ, ಕೊನೆಗೆ ನಮ್ಮ ಎದುರು ದಂಡೆಯ ಯಾರ್ಡಿಗೆ ಹಡಗು ಕಳಿಸುತ್ತೇನೆ ಎಂದು ಫೋನಿಟ್ಟ.

ಅಕ್ಕ ಜೇಬಿನಂಥ ಚೀಲದಿಂದ ಇನ್ನೊಂದು ಚೀಟಿ ತೆಗೆದಳು. ತುಕ್ಕಪ್ಪನದು. ಕೈಯಲ್ಲಿ ಐದೂವರೆ ಕೋಟಿ, ಕೊಡಬೇಕಾದದ್ದು ಹತ್ತು. ಒತ್ತೆ ಇಟ್ಟದ್ದು ಒಂದು ಕಾಸೂ ಇಲ್ಲ. ನೂರಕ್ಕೆ ಐವತ್ತೈದು. ಸಾಲದೆಂಬಂತೆ, ಮುಂಜಾನೆಯೇ ದಂಡೆಗೆ ಹೋಗಿ ಅವನ ಹಡಗಿನ ಆಳುಗಳನ್ನು ಸಂಬಳ ಯಾವಾಗ ಬರುತ್ತದೆ ಎಂದು ಕೇಳಿ ಬಂದಿದ್ದಳು. ಒಂದನೇ ತಾರೀಕು ತಪ್ಪಿದ್ದಿಲ್ಲ ಎಂದಿದ್ದರಂತೆ.

"ಆ ತುಕ್ಕಿನ ಡಬ್ಬಕ್ಕೆ ಈ ಚೀಟಿನಾ?" ಎಂದು ಯಾರೋ ಗೊಣಗಿದರು. ಆ ಯಾರೋ ನಾನೇ.

"ಬಣ್ಣಕ್ಕೆ ಹಾಕೋ ದುಡ್ಡು ಅವನ ಬ್ಯಾಂಕಲ್ಲಿದೆ," ಎಂದಳು ಅಕ್ಕ.

ಯಜಮಾನರು ಚೀಟಿ ಇಸಿದುಕೊಂಡು ಓದಿದರು. ಆಮೇಲೆ, "ಸರಿ. ಮುದುಕ ಕೆಲಸ ಮುಗಿದ ದಿನ ಪೂರ್ತಿ ದುಡ್ಡು ಕೊಡದಿದ್ರೆ ನೀನು ಮಾರನೇ ದಿನದಿಂದ ಬರಬೇಡ," ಎಂದರು. ಅಕ್ಕ, "ಆಗಲಿ," ಎಂದಳು. ಅಂದಿನಿಂದ ನಾನು ಅವಳ ಜೊತೆ ಮಾತು ಬಿಟ್ಟೆ. ನನ್ನ ಕಾಯಂ ಕೆಲಸವನ್ನು ಅವಳು ಆ ಚೀಟಿಯ ಜೊತೆಗೇ ಹರಿದುಹಾಕಿದಳೆಂದು ನನ್ನ ಲೆಕ್ಕ.

ತುಕ್ಕಪ್ಪ ಮೂರನೇ ಒಂದು ಪಾಲು ಮುಂಗಡ ಕೊಟ್ಟು ಹಡಗು ಹತ್ತಿಸಿದ. ಐವತ್ತು ದಿನ ಅವನ ಕಾಟ. ತಗಡಿನ ದಪ್ಪ ಅಳೆಯಲು ತನ್ನದೇ ಅಳತೆಗೋಲು ತಂದಿದ್ದ, ಒಂದೊಂದು ಬೆಸುಗೆಯ ಮೇಲೂ ಬೆರಳಾಡಿಸುತ್ತಿದ್ದ. ಎದುರು ದಂಡೆಯಲ್ಲಿ ಬಿಳಿ ಹಡಗು ಬಿಸಿಲಿಗೆ ಮಿಂಚುತ್ತಿತ್ತು. ಅಲ್ಲಿಯ ವೆಲ್ಡರ್‌ಗಳು ದೋಣಿಯಲ್ಲಿ ಹೋಗುವಾಗ ನಮ್ಮ ಕಡೆ ನೋಡಿ ಮೀಸೆ ತಿರುವುತ್ತಿದ್ದರು. ನಾನು ಹಲ್ಲು ಕಡಿದುಕೊಂಡು, ಹಡಗಿನ ತಳದಲ್ಲಿ ಮಲಗಿ, ಕಿಡಿಯೆಲ್ಲ ಕತ್ತಿನ ಮೇಲೆ ಬೀಳುತ್ತಿದ್ದರೂ ಬೆಸೆಯುತ್ತಲೇ ಇದ್ದೆ. ಅಕ್ಕನ ಮೇಲಿನ ಸಿಟ್ಟನ್ನು ತೋರಿಸಲು ಆ ತಗಡು ಬಿಟ್ಟರೆ ಬೇರೇನೂ ಇರಲಿಲ್ಲ.

ಹಡಗು ಇಳಿಸುವ ದಿನ ಬಂತು. ಬೆಳಿಗ್ಗೆ ಹತ್ತೂವರೆಗೆ ಅಮಾವಾಸ್ಯೆಯ ದೊಡ್ಡ ಉಬ್ಬರ. ಆ ನೀರು ತಪ್ಪಿದರೆ ಇನ್ನು ಹದಿನೈದು ದಿನ ಹಡಗು ಇಳಿಯುವುದಿಲ್ಲ. ದುಡ್ಡು ಕೈಗೆ ಬರದೆ ಗಾಡಿಯ ಕೊಂಡಿ ಬಿಚ್ಚುವುದಿಲ್ಲ ಎಂಬುದು ನಮ್ಮ ಯಾರ್ಡಿನ ಕಟ್ಟಳೆ. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ತುಕ್ಕಪ್ಪನ ಸುಳಿವಿಲ್ಲ. ಯಜಮಾನರು ಗಡಿಯಾರ ನೋಡುವುದು, ಅಕ್ಕನ ಕಿಟಕಿ ನೋಡುವುದು. ಅಕ್ಕ ಕೆಳಗಿಳಿದು ಬಂದು ಹಳಿಯ ಪಕ್ಕ ಕೈಕಟ್ಟಿ ನಿಂತಳು. ಮಾತು ಬಿಟ್ಟಿದ್ದರೂ ನಾನು ಅವಳ ತಮ್ಮ. ಅವಳ ಹೆಬ್ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿದ್ದದ್ದು ನೋಡಿ ನಾನೂ ಗೇಟಿನ ಕಡೆ ಕಣ್ಣು ಹಾಯಿಸತೊಡಗಿದೆ.

ಹತ್ತಕ್ಕೆ ಐದು ನಿಮಿಷವಿರುವಾಗ ಹಡಗಿನ ಹೊಟ್ಟೆಯೊಳಗಿಂದ ಮುದುಕ ಹೊರಬಂದ. ಮೈಯೆಲ್ಲ ಮಸಿ, ಕೈಯಲ್ಲಿ ಟಾರ್ಚು.

"ಎಲ್ಲಿ ಹೋಗಿದ್ರಿ?" ಎಂದು ಯಜಮಾನರು ಸಿಡುಕಿದರು.

"ಆರು ಗಂಟೆಯಿಂದ ಒಳಗೇ ಇದ್ದೆ. ತಗಡು ಇನ್ನೊಂದ್ಸಲ ಎಣಿಸ್ತಿದ್ದೆ. ಬಿಲ್ಲಲ್ಲಿ ಇನ್ನೂರ ಹನ್ನೆರಡು ತಗಡು ಅಂತಿದೆ. ಇರೋದು ಇನ್ನೂರ ಹನ್ನೊಂದು."

ಅಕ್ಕ ಬಿಲ್ಲು ತೆಗೆದು ನೋಡಿದಳು. ಒಂದು ತಗಡಿನ ದುಡ್ಡು ಹೊಡೆದುಹಾಕಿ ಸಹಿ ಮಾಡಿದಳು. ಮುದುಕ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದ, ಅದರೊಳಗಿಂದ ಬ್ಯಾಂಕಿನ ಡ್ರಾಫ್ಟು ತೆಗೆದ. ಅದನ್ನು ಅವನು ಮೊದಲೇ ಇನ್ನೂರ ಹನ್ನೊಂದು ತಗಡಿಗೇ ಬರೆಸಿ ತಂದಿದ್ದ. ಹತ್ತೂವರೆಗೆ ತುಕ್ಕಿನ ಹಡಗು ಹಳಿಯ ಮೇಲೆ ಜಾರಿ ನೀರಿಗಿಳಿಯಿತು. ಯಜಮಾನರು ಡ್ರಾಫ್ಟನ್ನು ಎರಡು ಸಲ ಓದಿ ಅಕ್ಕನ ಕೈಗೇ ಕೊಟ್ಟರು.

ಇಷ್ಟಾದರೂ ನಾನು ಸೋಲಲಿಲ್ಲ. ಮುದುಕನ ಕೆಲಸ ಮುಗಿಯಿತು, ಮುಂದೇನು? ನಮ್ಮ ಸ್ಲಿಪ್‌ವೇ ಖಾಲಿ, ಎದುರು ದಂಡೆಯಲ್ಲಿ ಇನ್ನೂ ಎರಡು ಬಿಳಿ ಹಡಗು ಸಾಲಿನಲ್ಲಿವೆ. ಉಪ್ಪು ಇನ್ನೂ ಅಮ್ಮನ ಕೈಯಿಂದಲೇ ಬರುತ್ತಿತ್ತು.

ಮುದುಕನ ಹಡಗು ಇಳಿದ ಹನ್ನೊಂದನೇ ದಿನ, ಎಣ್ಣೆ ಕೊಡುವವನು ಬಿಳಿ ಕಂಪನಿಯ ಮೇಲೆ ದಾವೆ ಹೂಡಿದ ಸುದ್ದಿ ಪೇಪರಿನಲ್ಲಿ ಬಂತು. ಮಾರನೆಯ ದಿನ ಬ್ಯಾಂಕು ಒತ್ತೆಯ ಎಪ್ಪತ್ತು ಕೋಟಿಯನ್ನು ತನ್ನ ಸಾಲಕ್ಕೆ ಮುರಿದುಕೊಂಡಿತು. ಅದರ ಮಾರನೆಯ ದಿನ ಕಂಪನಿ ಬಾಗಿಲು ಹಾಕಿತು. ನಾವು ಕೆಲಸ ಬಿಟ್ಟು ದಂಡೆಯಲ್ಲಿ ಸಾಲಾಗಿ ನಿಂತೆವು. ಎದುರು ದಂಡೆಯಲ್ಲಿ ಕೋರ್ಟಿನವರು ಏಣಿ ಹಾಕಿ ಹತ್ತಿ ಬಿಳಿ ಹಡಗಿನ ಮೈಗೆ ಕಾಗದ ಅಂಟಿಸುತ್ತಿದ್ದರು. ಅಲ್ಲಿಯ ವೆಲ್ಡರ್‌ಗಳು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು. ಅವರ ಹಳಿ ಇನ್ನು ಎಷ್ಟು ವರ್ಷಕ್ಕೆ ತೆರವಾಗುತ್ತದೋ ಯಾರಿಗೆ ಗೊತ್ತು. ಮೀಸೆ ತಿರುವಿದವರಾದರೂ ನನಗೆ ಅಂದು ನಗು ಬರಲಿಲ್ಲ.

ಅಲ್ಲಿ ಸಾಲಿನಲ್ಲಿದ್ದ ಬೇರೆ ಕಂಪನಿಗಳ ಹಡಗುಗಳೆಲ್ಲ ನಮ್ಮ ಗೇಟಿಗೆ ತಿರುಗಿದವು. ಜಾಗ ಹಿಡಿಯಲು ಅವುಗಳ ಮಾಲೀಕರು ಮುಂಗಡ ತೆಗೆದುಕೊಂಡೇ ಬಂದರು. ತುಕ್ಕಪ್ಪ ಉಳಿದೆರಡು ಹಡಗೂ ಕಳಿಸುತ್ತೇನೆ ಎಂದು ಹೇಳಿಕಳಿಸಿದ. ಐದೇ ದಿನದಲ್ಲಿ ಹಲಗೆಯ ಮೇಲೆ ಏಳು ಹಸಿರು ಚೀಟಿ.

ಅರವತ್ತೆಂಟನೇ ದಿನ ಯಜಮಾನರು ಎಲ್ಲರನ್ನೂ ಶೆಡ್ಡಿಗೆ ಕರೆದರು. ಮೇಜಿನ ಮೇಲೆ ನಲವತ್ತು ಲಕೋಟೆ. ಅಕ್ಕ ಪಕ್ಕದಲ್ಲಿ ನಿಂತಿದ್ದಳು.

"ಇವೆಲ್ಲ ನಿಮ್ಮ ಕಾಯಂ ಆದೇಶ," ಎಂದರು. "ಕೊಡೋದಕ್ಕೆ ಮುಂಚೆ ಒಂದು ಮಾತಿದೆ. ಅಮ್ಮಾ, ಊರವರದ್ದೆಲ್ಲ ಹೇಳ್ತೀಯ. ಇವತ್ತು ಇವರ ಮುಂದೆ ನಮ್ಮ ಯಾರ್ಡಿಂದು ಹೇಳು. ನೂರಕ್ಕೆಷ್ಟು?"

ಅಕ್ಕ ಅವರ ಮುಖ ನೋಡಿದಳು. "ಹೇಳಲಾ?"

"ಹೇಳು. ಇನ್ನೇನು ಭಯ?"

"ನಲವತ್ತನಾಲ್ಕು. ಬಂದಿರೋ ಮುಂಗಡಾನೂ ಕೊಡಬೇಕಾದ ಬಾಕಿ ಅಂತಾನೇ ಹಿಡಿದು."

"ನೀನು ಚೀಟಿ ಹರಿದ ದಿನ ಎಷ್ಟಿತ್ತು?"

"ಒಂಬತ್ತು."

ಇಷ್ಟು ವರ್ಷ ಅವಳ ಬಾಯಲ್ಲಿ ಕೇಳಿ ಕೇಳಿ ಒಂಬತ್ತು ಎಂದರೇನೆಂದು ಕಸ ಗುಡಿಸುವವಳಿಗೂ ಗೊತ್ತಿತ್ತು.

"ಇದು ನಮ್ಮಿಬ್ಬರಿಗೇ ಗೊತ್ತಿತ್ತು," ಎಂದರು ಯಜಮಾನರು. "ಹೊರಗೆ ಹೋಗಿದ್ರೆ ತಗಡಿನವನು ಮಾರನೇ ದಿನಾನೇ ಸರಕು ನಿಲ್ಲಿಸ್ತಿದ್ದ. ಅದಕ್ಕೇ ನನಗೆ ಆ ಮೂರು ಬಿಳಿ ಹಡಗು ಬೇಕೇಬೇಕು ಅಂತ ಹಟ. ಅದು ಬಂದು ಇಲ್ಲಿ ಕೂತಿದ್ರೆ ಒಂದೇ ತಿಂಗಳಲ್ಲಿ ಈ ಗೇಟಿಗೂ ಸೀಲು ಬೀಳ್ತಿತ್ತು. ನಿಮ್ಮೆಲ್ಲರ ಮುಂದೆ ನಾನು ಅವಳಿಗೆ ಬರಬೇಡ ಅಂದೆ. ಅದೇ ಜಾಗದಲ್ಲಿ ನಿಂತು ಹೇಳ್ತಿದೀನಿ, ನಾನು ಅಂದದ್ದು ತಪ್ಪು."

ಆ ಅರವತ್ತು ಚಿಲ್ಲರೆ ಊಟಗಳು ನನ್ನ ಕಣ್ಣ ಮುಂದೆ ಬಂದವು. ಮೇಜಿನ ಆಚೆ ಒಂಬತ್ತನ್ನು ಒಬ್ಬಳೇ ನುಂಗಿಕೊಂಡು ಕೂತ ಅಕ್ಕ, ಈಚೆ ಮುಖ ಊದಿಸಿಕೊಂಡ ನಾನು. ನಾಚಿಕೆಯಿಂದ ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಜನರನ್ನು ಸರಿಸಿ ಮುಂದೆ ಹೋದೆ.

"ನಂಗಾದ್ರೂ ಹೇಳಬಾರದಿತ್ತಾ ಅಕ್ಕಾ?"

"ಹೇಳಿದ್ರೆ ನೀನು ಬೇರೆ ಕಡೆ ಕೆಲಸ ಹುಡುಕ್ಕೊಂಡು ಹೋಗ್ತಿದ್ದೆ."

"ಹೋದ್ರೆ ಏನಾಗ್ತಿತ್ತು? ದಿನಗೂಲಿಯವನು ತಾನೇ."

"ಮುದುಕನ ಹಡಗಿನ ತಳದಲ್ಲಿ ಎಪ್ಪತ್ತಾರು ತಗಡು ನಿಂದು. ಒಂದು ಬೆಸುಗೆ ಸೋರಿದ್ರೂ ಅವನು ದುಡ್ಡು ಕೊಡ್ತಿರಲಿಲ್ಲ. ನಾನು ಅವನಿಗೆ ಚೀಟಿ ಚುಚ್ಚಿದ್ದು ಅವನ ಐವತ್ತೈದು ನೋಡಿ ಅಷ್ಟೇ ಅಲ್ಲ ಕಣೋ, ನೀನು ಇದೀಯ ಅಂತ." ಆಮೇಲೆ ಲಕೋಟೆಗಳ ಕಡೆ ತಿರುಗಿ, "ಸಿಟ್ಟು ಬಂದಾಗ ನೀನು ಬೆಸುಗೆ ಬಹಳ ಚೆನ್ನಾಗಿ ಹಾಕ್ತೀಯ. ಅದಕ್ಕೇ ಸಮಾಧಾನ ಮಾಡೋಕೆ ಹೋಗಲಿಲ್ಲ," ಎಂದಳು.

ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ಯಜಮಾನರು ಮೇಜು ಕುಟ್ಟಿ ಕುಟ್ಟಿ ನಕ್ಕರು. ನಾನು ಮಸಿಗೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ನಗೆಪಾಟಲಾದೆ. ಅಕ್ಕ ಲಕೋಟೆಗಳಲ್ಲಿ ನನ್ನದನ್ನು ಹುಡುಕಿ ಎಲ್ಲರಿಗಿಂತ ಮೊದಲು ನನ್ನ ಕೈಗಿಟ್ಟಳು, ಮೂವತ್ತೊಂಬತ್ತು ಜನ ಚಪ್ಪಾಳೆ ತಟ್ಟಿದರು. ಅದು ನನಗಲ್ಲ, ಅವಳಿಗೆ. ನಾನೂ ಲಕೋಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ತಟ್ಟಿದೆ.